ಹದಿನೇಳನೇ ಜಾಗ

ಮಾರ್ಚ್ 2, ಸೋಮವಾರ

ನಾನು ಈ ಕೈಗವಸು ಕಾರ್ಖಾನೆಯ ಯಜಮಾನಿ. ವಯಸ್ಸು ಅರವತ್ತೆಂಟು. ಹೈಸ್ಕೂಲು ಮುಗಿಸಿದ್ದೇನೆ. ಹತ್ತೊಂಬತ್ತಕ್ಕೆ ಈ ಮನೆಗೆ ಸೊಸೆಯಾಗಿ ಬಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತೆ. ಮೂವತ್ತೇಳಕ್ಕೆ ಗಂಡ ತೀರಿಕೊಂಡರು. ಅವತ್ತಿನಿಂದ ಬೀಗದ ಕೈ ನನ್ನ ಸೊಂಟದಲ್ಲಿದೆ. ಮಗ ಒಬ್ಬ, ಸೊಸೆ ಒಬ್ಬಳು, ಹೊಲಿಯುವ ಹೆಂಗಸರು ನಲವತ್ತು. ಇವರಲ್ಲಿ ಯಾರೂ ನನ್ನಿಂದ ಒಂದು ಮಾತನ್ನು ಎರಡು ಸಲ ಹೇಳಿಸಿದ್ದಿಲ್ಲ.

ದಿನಚರಿ ಬರೆಯುವ ಚಟ ನನಗಿಲ್ಲ. ವಕೀಲರು ಹೇಳಿದರೆಂದು ಬರೆಯುತ್ತಿದ್ದೇನೆ. ಹೊಸ ಕಾರ್ಮಿಕ ಕಾಯ್ದೆ ಬಂದಿದೆ. ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ, ಕೆಲಸದವರು ತಮ್ಮಲ್ಲೇ ಐದು ಜನರನ್ನು ಆರಿಸಬೇಕಂತೆ. ಮಾಲೀಕರು ಆ ಐವರ ಎದುರು ಮೇಜು ಹಾಕಿಕೊಂಡು ಕೂತು, ಅವರು ಕೇಳಿದ್ದಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ಕೊಡಬೇಕಂತೆ. ಒಪ್ಪಿ ಸಹಿ ಹಾಕಿದ್ದನ್ನು ಮುರಿದರೆ ಕೋರ್ಟು. ಈ ತಿಂಗಳ ಮೂವತ್ತೊಂದಕ್ಕೆ ಇನ್‌ಸ್ಪೆಕ್ಟರು ಬಂದು ಹಾಜರಿ ಪುಸ್ತಕ ನೋಡಿ ತಲೆ ಎಣಿಸುತ್ತಾರೆ.

"ಅಲ್ಲೀವರೆಗೆ ಅವರು ಏನೇನು ಆಡ್ತಾರೆ ಅನ್ನೋದನ್ನ ದಿನಾ ಬರೆದಿಡಿ. ಮುಂದೆ ಕೇಸಿಗೆ ಬೇಕಾದೀತು" ಎಂದರು ವಕೀಲರು.

ಮಗನಿಗೆ ಅಷ್ಟು ತಾಳ್ಮೆ ಇಲ್ಲ. "ಅಮ್ಮ, ನಮ್ಮಲ್ಲಿರೋದು ಮೂವತ್ತೊಂಬತ್ತೇ ಜನ. ಪುಸ್ತಕದಲ್ಲಿ ಹದಿನೇಳನ್ನ ಹೊಡೆದುಹಾಕು. ಕಾಯ್ದೆ ನಮ್ಮ ಬಾಗಿಲಿಗೂ ಬರಲ್ಲ" ಎಂದ.

ಹದಿನೇಳನೇ ಜಾಗದವಳು ಡಿಸೆಂಬರಿನಲ್ಲಿ ತೀರಿಕೊಂಡಳು. ಪುಸ್ತಕದಲ್ಲಿ ಅವಳ ಸಾಲು ಹಾಗೇ ಇದೆ. ದಿನಾ "ರಜೆ" ಎಂದು ಬರೆಯುತ್ತಾ ಬಂದಿದ್ದೇನೆ. ಹೊಡೆದುಹಾಕಬೇಕು. ನಾಳೆ.

ಮಾರ್ಚ್ 3, ಮಂಗಳವಾರ

ನಮ್ಮಲ್ಲಿ ಹಾಜರಿ ಬಾಯಲ್ಲಿ ಹೇಳುವುದಿಲ್ಲ. ಮಾವನವರಿಗೆ ಕಿವಿ ಮಂದವಾಗಿತ್ತು. ಅವರು ಬೆಳಿಗ್ಗೆ ಬಾಗಿಲ ಪಕ್ಕದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು ಒಂದೊಂದೇ ನಂಬರು ಕರೆಯುತ್ತಿದ್ದರು. ಕರೆಸಿಕೊಂಡವಳು ಒಂದು ಸಲ ಮೆಷಿನ್ ತುಳಿಯಬೇಕು. ನೆಲವೆಲ್ಲ ಮರದ್ದು, ಆ ನಡುಕ ಅವರ ಅಂಗಾಲಿಗೆ ಗೊತ್ತಾಗುತ್ತಿತ್ತು. ನನ್ನ ಕಿವಿ ಚೆನ್ನಾಗಿಯೇ ಇದೆ. ಆದರೂ ಪದ್ಧತಿ ಬಿಟ್ಟಿಲ್ಲ. ಎಣಿಕೆ ತಪ್ಪಬಾರದೆಂದು ಖಾಲಿ ಜಾಗವನ್ನೂ ಕರೆಯುತ್ತೇನೆ. ಹದಿನೇಳು ಎಂದು ಕರೆದು, ಒಂದು ಉಸಿರು ಬಿಟ್ಟು, ಹದಿನೆಂಟಕ್ಕೆ ಹೋಗುತ್ತೇನೆ.

ಇವತ್ತು ಹದಿನೇಳು ಎಂದೆ. ಮೆಷಿನ್ ತಿರುಗಿತು.

ಮೂವತ್ತೊಂಬತ್ತು ತಲೆಗಳೂ ತಗ್ಗಿದ್ದವು. ನಾನು ಏನೂ ಆಗದವಳ ಹಾಗೆ ಹದಿನೆಂಟು ಎಂದೆ.

ಮಾರ್ಚ್ 5, ಗುರುವಾರ

ಮತ್ತೆ ಅದೇ. ಹಾಜರಿ ಮುಗಿಸಿ ಪಕ್ಕದ ಮೆಷಿನ್ನಿನ ಹದಿನೆಂಟರವಳನ್ನು ಕರೆದೆ. ಇವಳು ಇಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅದಕ್ಕೇ ಇಟ್ಟುಕೊಂಡಿದ್ದೇನೆ. ಹದಿನೇಳರ ಪೆಡಲಿಗೆ ಇವಳ ಕಾಲು ಸುಲಭವಾಗಿ ನಿಲುಕುತ್ತದೆ.

"ಏನೇ ಇದು ಆಟ?"

"ಯಾವ ಆಟ ಅಮ್ಮಾವ್ರೇ?"

"ಸತ್ತವಳ ಮೆಷಿನ್ ಯಾರು ತುಳಿಯೋದು?"

"ಪುಸ್ತಕದಲ್ಲಿ ರಜೆ ಅಂತಿದೆಯಂತಲ್ಲ. ಸತ್ತವಳು ಅಂತ ನೀವೇ ಇವತ್ತು ಮೊದಲನೇ ಸಲ ಅಂತಿರೋದು."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಗು ಮುಚ್ಚುವ ಕೆಮ್ಮು ನನಗೆ ಗೊತ್ತಾಗುತ್ತದೆ.

"ನಾಲಿಗೆ ಉದ್ದ ಆಯ್ತು" ಎಂದೆ.

"ಕಾಲು ಅಷ್ಟು ಉದ್ದ ಇಲ್ಲ ಅಮ್ಮಾವ್ರೇ. ಬೇಕಾದ್ರೆ ಅಳೆದು ನೋಡಿ."

ನಾಲ್ಕು ದಿನಕ್ಕೆ ಇಷ್ಟು ಸಲಿಗೆ. ಕಾಯ್ದೆ ಬಂದರೆ ತಲೆ ಮೇಲೇ ಕೂರುತ್ತಾರೆ.

ಮಾರ್ಚ್ 9, ಸೋಮವಾರ

ಇದನ್ನು ವಕೀಲರಿಗೆ ತೋರಿಸುವುದಿಲ್ಲ.

ಮಧ್ಯಾಹ್ನ ಹೆಂಗಸರು ಅಂಗಳಕ್ಕಿಳಿದು ಊಟ ಮಾಡುತ್ತಾರೆ. ಆ ಒಂದು ಗಂಟೆ ಹೊತ್ತು ಮೇಲಿನ ಹೊಲಿಗೆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ನಾನು ಆಫೀಸು ರೂಮಿನ ಮಂಚದಲ್ಲಿ ಸ್ವಲ್ಪ ಒರಗುತ್ತೇನೆ. ಇವತ್ತು ಎಚ್ಚರವಾಗಿ ಹೊರಗೆ ಬಂದಾಗ ಹದಿನೇಳರ ಬುಟ್ಟಿಯಲ್ಲಿ ಏಳು ಜೊತೆ ಕೈಗವಸು ಇತ್ತು. ಹೆಬ್ಬೆಟ್ಟು ಕೂರಿಸಿ ಮುಗಿಸಿದ್ದು.

ನಾವು ಹೊಲಿಯುವುದು ಕುಲುಮೆಯಲ್ಲಿ ಕೆಲಸ ಮಾಡುವವರ ದಪ್ಪ ತೊಗಲಿನ ಕೈಗವಸು. ನಾಲ್ಕು ಬೆರಳು ಯಾರು ಬೇಕಾದರೂ ಹೊಲಿಯಬಹುದು. ಹೆಬ್ಬೆಟ್ಟು ಹಾಗಲ್ಲ. ಬುಡದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಒಳಗೆ ಕಿಡಿ ಹೋಗಿ ಒಬ್ಬನ ಕೈ ಸುಡುತ್ತದೆ. ಅತ್ತೆಯವರು ಬುಡದಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದು, ಒಳಮೈಯಲ್ಲಿ ಎಡಕ್ಕೆ ತಿರುಗಿಸಿ ಗಂಟು ಹಾಕುತ್ತಿದ್ದರು. ನನಗೆ ಅವರು ಕಲಿಸಿದರು. ನಾನು ಹದಿನೇಳರವಳಿಗೆ ಮಾತ್ರ ಕಲಿಸಿದೆ.

ಕೈಗವಸನ್ನು ಒಳಹೊರಗು ಮಾಡಿ ನೋಡಿದೆ. ಎಡಕ್ಕೆ ತಿರುಗಿಸಿದ ಗಂಟು, ಹದಿನಾಲ್ಕರಲ್ಲೂ.

ಅತ್ತೆಯವರ ನಂತರ ಈ ಗಂಟು ಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬಳು ಸತ್ತಿದ್ದಾಳೆ. ಆದ್ದರಿಂದ ಇದು ಈ ಹೆಂಗಸರ ಆಟ ಅಲ್ಲ ಎನ್ನುವುದು ಖಾತ್ರಿಯಾಯಿತು.

ತೋರುಬೆರಳಿಗೆ ಏನೋ ಚುಚ್ಚಿದೆ. ಮಂಚದ ದಿಂಬಿನಲ್ಲಿ ಸೂಜಿ ಇರಬೇಕು. ಸೊಸೆಗೆ ಹೇಳಬೇಕು.

ಮಾರ್ಚ್ 11, ಬುಧವಾರ

ಹಲಗೆಯ ಮೇಲೆ ನಿಂತರೆ ಹದಿನೇಳರ ಪೆಡಲು ಕಾಣುವುದಿಲ್ಲ. ಇವತ್ತು ಪುಸ್ತಕ ಹಿಡಿದು ಅದರ ಪಕ್ಕದಲ್ಲೇ ನಿಂತು ಕರೆದೆ. ತಿರುಗಿತು. ಬಗ್ಗುವಷ್ಟರಲ್ಲಿ ನಿಂತಿತ್ತು.

ಮಾರ್ಚ್ 14, ಶನಿವಾರ

ಮೂರು ದಿನದಿಂದ ಹದಿನೇಳರ ಸ್ಟೂಲಿನ ಮೇಲೆಯೇ ಕೂತು ಹಾಜರಿ ಕರೆಯುತ್ತಿದ್ದೇನೆ. ಈಗ ನೋಡೋಣ, ಯಾವಳು ಬಂದು ತುಳಿಯುತ್ತಾಳೋ ಎಂದುಕೊಂಡಿದ್ದೆ.

ಮೂರು ದಿನವೂ ಹದಿನೇಳು ಎಂದ ಕೂಡಲೇ ಚಕ್ರ ತಿರುಗಿತು. ಯಾರೂ ಹತ್ತಿರ ಸುಳಿದಿಲ್ಲ. ಅಲ್ಲಿದ್ದವಳು ನಾನೊಬ್ಬಳೇ.

ಹೆಂಗಸರು ಈಗ ತಲೆ ತಗ್ಗಿಸುವುದಿಲ್ಲ. ನನ್ನ ಪಾದಗಳನ್ನೇ ನೋಡುತ್ತಾರೆ. ಚಪ್ಪಲಿ ಬಿಟ್ಟು ಬಂದಿದ್ದೆನೇನೋ.

ಮಾರ್ಚ್ 16, ಸೋಮವಾರ

ಊಟಕ್ಕೆ ಕೂತಾಗ ಸೊಸೆ ಕೇಳಿದಳು, "ಅತ್ತೆ, ಮಧ್ಯಾಹ್ನ ಎಲ್ಲಿರ್ತೀರಿ? ಆಫೀಸು ರೂಮಿಗೆ ಕಳಿಸಿದ ಡಬ್ಬಿ ಒಂದು ವಾರದಿಂದ ಹಾಗೇ ವಾಪಸ್ ಬರ್ತಿದೆ."

"ಹಸಿವಿರಲ್ಲ. ಮಲಗಿರ್ತೀನಿ."

"ಮಲಗೋರ ಭುಜ ಇಷ್ಟು ಬಿಗಿದುಕೊಳ್ಳುತ್ತಾ? ರಾತ್ರಿಯೆಲ್ಲ ನರಳ್ತಿದ್ರಿ."

ನನ್ನ ಶಾಲಿನಿಂದ ದಾರದ ಎಳೆಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟಳು. ಕಂದು ದಾರ. ಇವಳಿಗೆ ಎಲ್ಲದರಲ್ಲೂ ಒಂದು ಪತ್ತೇದಾರಿಕೆ.

ಮಾರ್ಚ್ 19, ಗುರುವಾರ

ಮಗ ವಕೀಲರನ್ನು ಕರೆದುಕೊಂಡು ಬಂದ. ಹಾಜರಿ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟರು. ಹೆಸರು ಹೊಡೆದುಹಾಕಬೇಕಾದರೆ ಬದಿಯಲ್ಲಿ ಮೂರು ಅಂಕಣ ತುಂಬಬೇಕು. ದಿನಾಂಕ. ಹೊತ್ತು. ಕಾರಣ.

"ದಿನಾಂಕ, ಹೊತ್ತು ಹಾಕಿ. ಕಾರಣ ಅನ್ನೋ ಕಡೆ, ಮನೆಯಲ್ಲಿ ಅನಾರೋಗ್ಯದಿಂದ ಅಂತ ಬರೀರಿ. ಮುಗೀತು" ಎಂದರು ವಕೀಲರು.

"ಅವಳು ಸತ್ತಿದ್ದು ಮನೇಲಲ್ಲ."

"ಅದು ನಮಗೆ ಗೊತ್ತು ಅಮ್ಮ. ಪುಸ್ತಕಕ್ಕೆ ಗೊತ್ತಿಲ್ಲ."

ಮಗ ನಕ್ಕ. ನನಗೆ ನಗು ಬರಲಿಲ್ಲ. ಮೂವತ್ತೊಂದು ವರ್ಷ ಈ ಪುಸ್ತಕ ನಾನೇ ಬರೆದಿದ್ದೇನೆ. ಇದರಲ್ಲಿ ಸುಳ್ಳಿಲ್ಲ ಎಂದು ಎಷ್ಟು ಜನರ ಎದುರು ಎದೆ ತಟ್ಟಿ ಹೇಳಿದ್ದೇನೆ. ಹಾಗಾದರೆ ದಿನಾ ರಜೆ ಎಂದು ಬರೆದದ್ದು ಏನು? ಇದುವರೆಗೂ ಆ ಪ್ರಶ್ನೆ ಹಾಕಿಕೊಂಡಿರಲಿಲ್ಲ.

ನಡೆದದ್ದನ್ನು ಇಲ್ಲಾದರೂ ಬರೆಯುತ್ತೇನೆ. ಡಿಸೆಂಬರ್ ಹನ್ನೊಂದು, ಮಧ್ಯಾಹ್ನ ಮೂರು. ಇಲ್ಲಿ ನನ್ನನ್ನು ಕೇಳದೆ ಯಾರೂ ಮೆಷಿನ್ ಬಿಟ್ಟು ಏಳುವ ಹಾಗಿಲ್ಲ. ಹದಿನೇಳರವಳು ಕೂತಲ್ಲಿಂದಲೇ ಕೈ ಎತ್ತಿದಳು. "ಅಮ್ಮಾವ್ರೇ, ಎದೆ ಹಿಡಿದ ಹಾಗಾಗ್ತಿದೆ. ಎದ್ದು ಹೋಗ್ಲಾ?" ನಾನು ಹಲಗೆಯ ಮೇಲಿಂದ ಬುಟ್ಟಿ ನೋಡಿದೆ. ಅರ್ಧ ಉಳಿದಿತ್ತು. "ಬುಟ್ಟಿ ಮುಗಿಸಿ ಹೋಗು" ಎಂದೆ. ಅವಳು ಮುಗಿಸಿದಳು. ಮುಗಿಸಿ ಮೆಷಿನ್ನಿನ ಮೇಲೆ ತಲೆಯಿಟ್ಟಳು. ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ಸುಮ್ಮನಿದ್ದೆವು. ಐದರ ಗಂಟೆ ಹೊಡೆದರೂ ಏಳಲಿಲ್ಲ.

"ನಾಳೆ ಬರೆಯುತ್ತೇನೆ" ಎಂದು ವಕೀಲರನ್ನು ಕಳಿಸಿದೆ.

ಮಾರ್ಚ್ 21, ಶನಿವಾರ

ಇವತ್ತೂ ಕಿಟಕಿ ತೆಗೆಸಲಿಲ್ಲ. ತೊಗಲಿನ ಧೂಳು ಗಂಟಲಲ್ಲಿ ಕೂತಿದೆ. ಹನ್ನೊಂದು ಜೊತೆ ಮುಗಿಸಿದೆ, ಅಮ್ಮಾವ್ರು ನೋಡಲೇ ಇಲ್ಲ.

ಮೇಲಿನ ಸಾಲುಗಳು ನನ್ನ ಅಕ್ಷರವೇ. ಬರೆದ ನೆನಪಿಲ್ಲ. ಹಾಳೆ ಹರಿಯೋಣವೆಂದುಕೊಂಡೆ, ಹಿಂಬದಿಯಲ್ಲಿ ಗುರುವಾರದ್ದಿದೆ. ಇರಲಿ.

ಮಾರ್ಚ್ 24, ಮಂಗಳವಾರ

ಹದಿನೆಂಟರವಳು ಒಂದು ಹಾಳೆ ತಂದುಕೊಟ್ಟಳು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಬಾಗಿ ಕೊಡಬೇಕಾಯಿತು.

"ಏನಿದು?"

"ಬೇಡಿಕೆ. ಮೇಜಿಗೆ ಕೂತಾಗ ಕೇಳೋಣ ಅಂತಿದ್ವಿ. ನಿಮ್ಮ ಮಗ ಮೇಜೇ ಹಾಕಲ್ಲ ಅಂತಿದ್ದಾರಂತೆ. ಓದಿಯಾದ್ರೂ ಇಟ್ಕೊಳ್ಳಿ."

ನಾಲ್ಕೇ ಸಾಲು. ಕಿಟಕಿ ತೆಗೆದಿಡಬೇಕು. ಸೂಜಿ ಚುಚ್ಚಿದರೆ ಔಷಧಿ ಇಲ್ಲೇ ಇರಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಹತ್ತು ನಿಮಿಷ ಬೇಕು. ಇವೆಲ್ಲದರ ಮೇಲೆ, ಮೊದಲನೆಯದಾಗಿ: ಮೈಗೆ ಹುಷಾರಿಲ್ಲದವಳು ಯಾರನ್ನೂ ಕೇಳದೆ ಎದ್ದು ಹೋಗಬಹುದು.

ಕೂಲಿಯ ಮಾತು ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ.

"ಎಲ್ಲರೂ ಹುಷಾರಿಲ್ಲ ಅಂತ ಎದ್ದು ಹೋದ್ರೆ ಕೈಗವಸು ಯಾರೇ ಹೊಲಿಯೋದು? ನಿನ್ನ ಗಂಡನಾ?"

"ಅವನಿಗೆ ಸೂಜಿಗೆ ದಾರ ಪೋಣಿಸೋಕೆ ಮೂರು ದಿನ ಬೇಕು ಅಮ್ಮಾವ್ರೇ." ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಹೇಳ್ಲಾ? ಆ ಮಂಗಳವಾರ, ಬುಧವಾರ, ಗುರುವಾರ ಮೆಷಿನ್ ತುಳಿದಿದ್ದು ನಾನೇ. ನಿಮಗೆ ಕೇಳಿಸಲಿ ಅಂತ. ನೀವು ಬೈದ ಮೇಲೆ ನಿಲ್ಲಿಸಿಬಿಟ್ಟೆ."

"ಹಾಗಾದ್ರೆ ಆಮೇಲೆ?"

ಅವಳು ನನ್ನ ಮುಖ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದು, ಮುಚ್ಚಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಇವಳು ಮಾತು ನುಂಗಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಮಾರ್ಚ್ 26, ಗುರುವಾರ

ಮಲಗಿಕೊಂಡು ಬರೆಯುವುದು ಕಷ್ಟ. ಆದರೂ ಬರೆಯಬೇಕು.

ಮಧ್ಯಾಹ್ನದ ಹೊತ್ತು. ಹೆಂಗಸರೆಲ್ಲ ಅಂಗಳದಲ್ಲಿದ್ದರು. ನನಗೆ ಎಚ್ಚರವಾದಾಗ ನಾನು ಮಂಚದ ಮೇಲೆ ಇರಲಿಲ್ಲ. ಹದಿನೇಳರ ಮುಂದಿದ್ದೆ. ಕೈಯಲ್ಲಿ ಎಡಗೈಯ ಒಂದು ಗವಸು, ಸೂಜಿ ಹೆಬ್ಬೆಟ್ಟಿನ ಬುಡದಲ್ಲಿ. ಎದೆಯ ನಡುವೆ ಯಾರೋ ಮೊಣಕಾಲು ಊರಿದ ಹಾಗೆ ನೋವು. ಏಳೋಣವೆಂದರೆ ಏಳಲು ಆಗಲಿಲ್ಲ. ಕಾಲಿನಲ್ಲಿ ಬಲ ಇತ್ತು. ಕೇಳದೆ ಏಳುವ ಹಾಗಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಬಾಗಿಲ ಕಡೆ ತಿರುಗಿದೆ. ಹಲಗೆಯ ಮೇಲೆ ಒಬ್ಬಳು ನಿಂತಿದ್ದಳು. ಬೂದು ಶಾಲು. ಸೊಂಟದಲ್ಲಿ ಬೀಗದ ಕೈ. ಬಿಸಿಲು ಅವಳ ಹಿಂದಿನಿಂದ ಬರುತ್ತಿದ್ದರಿಂದ ಮುಖ ಕಾಣಲಿಲ್ಲ. ಆದರೆ ಬೆನ್ನು ಅಷ್ಟು ನೆಟ್ಟಗೆ ಇಟ್ಟುಕೊಂಡು ನಿಲ್ಲುವವಳು ಈ ಊರಿನಲ್ಲೇ ಒಬ್ಬಳು. ನಾನು ಕೈ ಎತ್ತಿದೆ. "ಎದ್ದು ಹೋಗ್ಲಾ?" ಎಂದೆ.

ಅವಳು ನನ್ನನ್ನು ನೋಡಲಿಲ್ಲ. ಬುಟ್ಟಿ ನೋಡಿದಳು.

"ಬುಟ್ಟಿ ಮುಗಿಸಿ ಹೋಗು."

ನನ್ನ ದನಿ ಹೊರಗಿನಿಂದ ಹೀಗೆ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಕೋಪ ಇಲ್ಲ ಅದರಲ್ಲಿ. ಏನೂ ಇಲ್ಲ.

ನಾನು ಹೊಲಿಯತೊಡಗಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಭುಜದ ಮೇಲೆ ಕೈ ಬಿತ್ತು. ಹದಿನೆಂಟರವಳು.

"ಅಮ್ಮಾವ್ರೇ, ಮೈಯೆಲ್ಲ ಬೆವರು. ಏಳಿ."

"ಕೇಳ್ಬೇಕಲ್ಲ."

"ಯಾರನ್ನ?"

ಹಲಗೆಯ ಕಡೆ ತೋರಿಸಿದೆ. ಅವಳು ಅತ್ತ ತಿರುಗಿ ನೋಡಿ, ತಿರುಗಿ ನನ್ನನ್ನು ನೋಡಿದಳು. ಕಂಕುಳಿಗೆ ಕೈ ಕೊಟ್ಟು ಎತ್ತಿದಳು. "ನಾನು ಹೇಳ್ತಿದೀನಿ, ಏಳಿ" ಎಂದಳು. ಎದ್ದೆ.

ಡಾಕ್ಟರು ಬಂದು ನೋಡಿದರು. ಎದೆಯದ್ದೇ. ಮಾತ್ರೆ ಕೊಟ್ಟು, ಇನ್ನು ಅರ್ಧ ಗಂಟೆ ತಡವಾಗಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ಒಂದು ತಿಂಗಳು ಮಲಗಿರಬೇಕಂತೆ.

ಮಾರ್ಚ್ 28, ಶನಿವಾರ

ಮಲಗಿದರೆ ಭುಜಕ್ಕೆ ಸಮಾಧಾನ ಇಲ್ಲ.

ಮಾರ್ಚ್ 30, ಸೋಮವಾರ

ಮಗನನ್ನು ಕರೆದುಕೊಂಡು ನೋಂದಣಿ ಕಚೇರಿಗೆ ಹೋಗಿ ಬಂದೆ. ಕಾರ್ಖಾನೆ ಅವನ ಹೆಸರಿಗೆ ಆಯಿತು. ಹತ್ತು ವರ್ಷದಿಂದ ಕಾಯುತ್ತಿದ್ದ, ಬರೆದದ್ದನ್ನು ಓದದೆ ಸಹಿ ಹಾಕಿದ. "ಇನ್ನು ನೀನು ಹಾಯಾಗಿ ಮನೇಲಿರು" ಎಂದ. ಬೀಗದ ಕೈ ಬಿಚ್ಚಿ ಕೊಟ್ಟೆ. ಅವನ ಕೈಯಲ್ಲಿ ಎಷ್ಟು ಚಿಕ್ಕದಾಗಿ ಕಂಡಿತು.

ಹಾಜರಿ ಪುಸ್ತಕ ಮಾತ್ರ ಒಂದು ರಾತ್ರಿ ನನ್ನ ಹತ್ತಿರ ಇರಲಿ ಎಂದೆ. ಹದಿನೇಳನ್ನು ಹೊಡೆದುಹಾಕುವುದಕ್ಕೆ ಎಂದುಕೊಂಡು ಸುಮ್ಮನಾದ.

ಮಾರ್ಚ್ 31, ಮಂಗಳವಾರ

ಇನ್‌ಸ್ಪೆಕ್ಟರು ಹತ್ತಕ್ಕೆ ಬಂದರು. ಇನ್ನೂ ಚಿಕ್ಕ ವಯಸ್ಸು, ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಮಗ, ವಕೀಲರು ಎರಡು ಕಡೆ ನಿಂತಿದ್ದರು. ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಬಂದು ಹದಿನೇಳರ ಹತ್ತಿರ ನಿಂತರು. ಗಟ್ಟಿಯಾಗಿ ಓದಿದರು.

"ಡಿಸೆಂಬರ್ ಹನ್ನೊಂದು. ಮೂರರಿಂದ ಐದರ ನಡುವೆ. ಕೆಲಸದ ಮೇಲೆ ಇರುವಾಗ. ಎದೆನೋವು ಎಂದು ಎದ್ದು ಹೋಗಲು ಕೇಳಿದ್ದಳು. ನಾನು ಬಿಡಲಿಲ್ಲ. ಅಂದಿನಿಂದ ರಜೆ ಎಂದು ಬರೆದದ್ದೆಲ್ಲ ಸುಳ್ಳು."

ವಕೀಲರು ಕಣ್ಣು ಮುಚ್ಚಿಕೊಂಡರು.

"ಇದರ ಮೇಲೆ ವಿಚಾರಣೆ ಆಗುತ್ತೆ ಅಮ್ಮ" ಎಂದರು ಇನ್‌ಸ್ಪೆಕ್ಟರು.

"ಆಗಲಿ. ಬರೆದಿದ್ದು ನಾನು, ಕೇಳೋದೂ ನನ್ನನ್ನೇ ಕೇಳಿ."

ಕೊನೆಯವರೆಗೆ ಎಣಿಸಿ, "ಮೂವತ್ತೊಂಬತ್ತು. ಹಾಗಾದ್ರೆ ನಿಮಗೆ ಹೊಸ ಕಾಯ್ದೆ ಅನ್ವಯ ಆಗಲ್ಲ" ಎಂದರು. ಮಗ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಳೆ ತಿರುಗಿಸಿ" ಎಂದೆ.

ಅಲ್ಲಿ ಒಂದೇ ಸಾಲು. ಹದಿನೇಳನೇ ಜಾಗ. ಹೆಬ್ಬೆಟ್ಟು ಕೂರಿಸುವ ಕೆಲಸ. ಕೆಳಗೆ ನನ್ನ ಹೆಸರು, ಇವತ್ತಿನ ತಾರೀಖು.

"ಇದು ನೀವೇ ಅಲ್ವಾ? ಮಾಲೀಕರನ್ನ ಕೆಲಸದವರ ಜೊತೆ ಎಣಿಸೋ ಹಾಗಿಲ್ಲ."

ನೋಂದಣಿ ಕಾಗದ ಮುಂದಿಟ್ಟೆ. "ಮಾಲೀಕರು ನಿಮ್ಮ ಎಡಗಡೆ ನಿಂತಿದ್ದಾರೆ. ಅದರಲ್ಲೇ ಇದೆ ನೋಡಿ, ಅವರ ತಾಯಿಗೆ ಇಷ್ಟ ಇರೋವರೆಗೆ ಹದಿನೇಳನೇ ಜಾಗದಲ್ಲಿ ಕೆಲಸ ಕೊಡಬೇಕು ಅಂತ. ಸಹಿ ಹಾಕಿದ್ದಾರೆ."

ಮಗ ಕಾಗದವನ್ನು ಈಗ ಓದಿದ. ಎರಡು ಸಲ ಓದಿದ.

ಇನ್‌ಸ್ಪೆಕ್ಟರು ಕನ್ನಡಕ ಮೇಲೇರಿಸಿ, ನಲವತ್ತು ಎಂದು ಬರೆದುಕೊಂಡರು.

ಏಪ್ರಿಲ್ 13, ಸೋಮವಾರ

ಐದು ಜನರ ಆಯ್ಕೆ ಹೋದ ವಾರ ಆಯಿತು. ನನಗೆ ಎರಡು ವೋಟು ಬಂದವು. ಒಂದು ನನ್ನದೇ. "ಇನ್ನೊಂದು ನಂದಲ್ಲ, ಮೊದಲೇ ಹೇಳಿಬಿಡ್ತೀನಿ" ಎಂದಳು ಹದಿನೆಂಟರವಳು. ಈಗ ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಯಾವಾಗಿನಿಂದ ಎಂದು ನೆನಪಿಲ್ಲ.

ಇವತ್ತು ಐವರೂ ಆಫೀಸು ರೂಮಿನಲ್ಲಿ ಯಜಮಾನರ ಎದುರು ಕೂತರು. ನಾವು ಇಲ್ಲಿ ಹೊಲಿಯುತ್ತಾ ಕಾದೆವು. ಮೂರು ಬೇಡಿಕೆಗೆ ಒಪ್ಪಿದರಂತೆ. ಮೊದಲನೆಯದಕ್ಕೆ ಇಲ್ಲ. ಹದಿನೆಂಟರವಳು ಬಾಗಿಲಿಗೆ ಬಂದು ಹೇಳಿದಳು, "ಹಾಗೆಲ್ಲ ಬಿಟ್ರೆ ಕೆಲಸ ಆಗಲ್ಲ, ಬುಟ್ಟಿ ಮುಗಿಸಿ ಹೋಗಲಿ ಅಂತಾರೆ."

ನಾನು ಪೆಡಲಿನಿಂದ ಕಾಲು ತೆಗೆದೆ. ಮೂವತ್ತನೇ ಜಾಗದವಳು ತೆಗೆದಳು. ಆಮೇಲೆ ಹಿಂದಿನ ಸಾಲು, ಆಮೇಲೆ ಕಿಟಕಿಯ ಸಾಲು. ನೆಲ ನಡುಗುವುದು ನಿಂತಿತು. ಈ ಕಟ್ಟಡದಲ್ಲಿ ಹಗಲು ಹೊತ್ತು ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ.

ಯಜಮಾನರು ಹೊರಗೆ ಬಂದರು. ಸಾಲುಗಳ ನಡುವೆ ನಡೆದು ನನ್ನ ಹತ್ತಿರ ನಿಂತರು. ಮುಖ ಬಿಳಚಿತ್ತು.

"ಅಮ್ಮ, ಸಾಕು. ಏಳು, ಮನೆಗೆ ಹೋಗೋಣ."

ಯಾರನ್ನು ಕರೆಯುತ್ತಿದ್ದಾರೆಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

"ಸಹಿ ಹಾಕಿ, ಯಜಮಾನ್ರೇ" ಎಂದೆ.

ಮಧ್ಯಾಹ್ನ ಎರಡೂಕಾಲಿಗೆ ಸಹಿ ಹಾಕಿದರು.